ಕಮೋಡ್‌ಗೆ ಹಾಕಿಸಿದ ಹಿಡಿಕೆ ಫ್ರೇಮ್: ಆರು ತಿಂಗಳು ಬಳಸಿದ ಮೇಲೆ

ಇದನ್ನು ಯಾಕೆ ತಗೊಂಡೆ ಅಂತ ಮೊದಲು ಹೇಳಿಬಿಡುತ್ತೇನೆ. ರಾತ್ರಿ ಮೂರು ಗಂಟೆ. ಮೂತ್ರ ಒತ್ತಿ ಬಂದು ಎಚ್ಚರವಾಯಿತು. ದಡಬಡ ಎದ್ದು ಹೋಗಿ ನಿಂತೆ. ಅರ್ಧ ಆಗುವಷ್ಟರಲ್ಲಿ ಕಿವಿ ಗುಂಯ್ ಅಂತು, ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ಆಮೇಲೆ ಗೊತ್ತಾಗಿದ್ದು ಕೆನ್ನೆಗೆ ತಣ್ಣಗೆ ಟೈಲ್ಸ್ ತಾಗುತ್ತಿದ್ದದ್ದು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಒಳಗಿನಿಂದ ಚಿಲಕ ಹಾಕಿದ್ದೆ, ಹೆಂಡತಿ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದಳು.

ಡಾಕ್ಟರು ಇಸಿಜಿ ತೆಗೆಸಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಮೇಲಿನ ಬಿಪಿ 20ಕ್ಕಿಂತ ಜಾಸ್ತಿ ಇಳಿದಿತ್ತು. ತುಂಬಿದ ಮೂತ್ರಕೋಶ ಖಾಲಿಯಾಗುವಾಗ ಕೆಲವರಿಗೆ ವೇಗಸ್ ನರ ಕೆರಳಿ ಎದೆಬಡಿತ ನಿಧಾನವಾಗುತ್ತದೆ, ಬಿಪಿ ಕುಸಿಯುತ್ತದೆ. ನಿದ್ದೆಯಿಂದೆದ್ದು ನಿಂತು ಮೂತ್ರ ಮಾಡುವ ಗಂಡಸರಲ್ಲಿ ಇದು ಜಾಸ್ತಿಯಂತೆ. ಮಲವಿಸರ್ಜನೆಗೆ ಮುಕ್ಕಿದಾಗಲೂ ಹೀಗಾಗಬಹುದು. ನನ್ನ ಪ್ರಾಸ್ಟೇಟ್ ಮಾತ್ರೆಯೂ ಬಿಪಿ ಇಳಿಸುವಂಥದ್ದು ಅಂತ ಅದನ್ನು ಬದಲಿಸಿಕೊಟ್ಟರು.

ಮೊದಲು ಗೋಡೆಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆ ತಂದೆ. ನಮ್ಮದು ಸ್ವಲ್ಪ ಒರಟು ಟೈಲ್ಸ್. ಎರಡನೇ ದಿನವೇ ಹಿಡಿಕೆ ಕೈಯಲ್ಲೇ ಕಿತ್ತು ಬಂತು! ಅದಕ್ಕೇ ಈ ಫ್ರೇಮ್.

ಅಲ್ಯೂಮಿನಿಯಂ ಪೈಪಿನದು, ಎರಡೂ ಕಡೆ ತೋಳು. ಸೀಟಿನ ಹಿಂದಿನ ಎರಡು ಬೋಲ್ಟ್ ಬಿಚ್ಚಿ, ಇದರ ಪಟ್ಟಿ ಇಟ್ಟು ಮತ್ತೆ ಬಿಗಿದರೆ ಆಯಿತು, ಗೋಡೆ ಕೊರೆಯಬೇಕಿಲ್ಲ. ಮುಂದಿನ ಕಾಲುಗಳ ಗುಂಡಿ ಒತ್ತಿ ಎತ್ತರ ಹೊಂದಿಸಬಹುದು.

ಒಂದು ಮಾತು, ಎಚ್ಚರ ತಪ್ಪಿದವನ ಕೈ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ನಿಂತೇ ಮಾಡುತ್ತೇನೆ ಅನ್ನುವವರು ಇದನ್ನು ಸುಮ್ನೆ ಕೊಳ್ಳಬೇಡಿ. ನಾನೀಗ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಆಮೇಲೆ ಎದ್ದು ಹೋಗಿ, ಅಲ್ಲೂ ಕೂತೇ ಮಾಡುತ್ತೇನೆ. ಹೋದ ತಿಂಗಳು ಮತ್ತೆ ಕಿವಿ ಗುಂಯ್ ಅಂದಾಗ ಎಡಗಡೆಯ ತೋಳಿಗೆ ಒರಗಿದೆ, ತೊಡೆಯ ಸ್ನಾಯು ಬಿಗಿಮಾಡಿದೆ, ಹೆಂಡತಿಯನ್ನು ಕೂಗಿದೆ. ಕತ್ತಲೆ ಕವಿಯಲಿಲ್ಲ. ಪಕ್ಕಕ್ಕೆ ವಾಲಿದರೆ ಇದು ತಡೆಯುತ್ತದೆ. ಮುಂದಕ್ಕೆ ಮುಗ್ಗರಿಸಿದರೆ ಮಾತ್ರ ತಡೆಯಲು ಏನೂ ಇಲ್ಲ, ಅದು ದೊಡ್ಡ ಕೊರತೆಯೇ.

ತೋಳಿನ ಸ್ಪಂಜು ನೀರು ಕುಡಿದು ವಾಸನೆ ಬರುತ್ತದೆ, ನಾನು ಕಿತ್ತು ಬಿಸಾಡಿದೆ. ಬೋಲ್ಟ್ ತಿಂಗಳಿಗೊಮ್ಮೆ ಸಡಿಲವಾಗುತ್ತದೆ, ಸ್ಪ್ಯಾನರ್ ಅಲ್ಲೇ ಇಟ್ಟಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಚಿಲಕವನ್ನಂತೂ ತೆಗೆಸಿಬಿಟ್ಟೆ. ಹೊರಗಡೆ ಟವೆಲ್ ನೇತಾಡುತ್ತಿದ್ದರೆ ಒಳಗೆ ನಾನಿದ್ದೇನೆ ಅಂತ ಲೆಕ್ಕ. ಮೊಮ್ಮಗ ಆ ಟವೆಲನ್ನೇ ಎತ್ತಿಕೊಂಡು ಓಡುತ್ತಾನೆ, ಏನು ಮಾಡೋದು.