ಪುಟ್ಟ ಮಕ್ಕಳ ಜೊತೆ ಥೀಮ್ ಪಾರ್ಕ್‌ಗೆ ಹೊರಟಿದ್ದೀರಾ? ‘ಫ್ಯಾಮಿಲಿ ಪ್ಯಾಕೇಜ್’ ಮಾರುವವರ ಹತ್ತಿರ ಹುಷಾರು

ಚಿಕ್ಕ ಮಕ್ಕಳನ್ನು ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬುಕ್ ಮಾಡುವ ಮೊದಲೇ ಓದಿ. ಪಾರ್ಕ್ ಮೇಲೆ ನನ್ನ ದೂರು ಏನೂ ಇಲ್ಲ. ನಡುವೆ ನಿಂತು ‘ಪುಟ್ಟ ಮಕ್ಕಳಿರುವ ಕುಟುಂಬಕ್ಕೆ ವಿಶೇಷ ಪ್ಯಾಕೇಜ್’ ಅಂತ ಮಾರುತ್ತಾರಲ್ಲ, ಆ ಏಜೆಂಟರ ಬಗ್ಗೆ ಹೇಳುತ್ತಿದ್ದೇನೆ. ಪಾರ್ಕ್ ಪುಕ್ಕಟೆ ಕೊಡುವುದನ್ನೇ ನಮಗೆ ದುಡ್ಡಿಗೆ ಮಾರಿದರು. ಅದೂ ನಮ್ಮ ಮಕ್ಕಳ ವಯಸ್ಸು, ಎತ್ತರ ಎಲ್ಲ ಕೇಳಿ ಬರೆದುಕೊಂಡ ಮೇಲೆ!

ಈ ಮಾತು ಮುಖ್ಯ, ಅದಕ್ಕೇ ಮತ್ತೆ ಹೇಳುತ್ತೇನೆ. ಎಲ್ಲ ಕೇಳಿದ ಮೇಲೆ. ಮಗಳಿಗೆ ಎರಡೂವರೆ ವರ್ಷ ಅಂತ ಬರೆದಿದ್ದೆ. ಮಗನಿಗೆ ಐದು ವರ್ಷ, 108 ಸೆಂ.ಮೀ. ಎತ್ತರ ಅಂತ ಬರೆದಿದ್ದೆ. ‘ಇವರಿಬ್ಬರಿಗೆ ಯಾವುದು ಸರಿಹೋಗುತ್ತೆ ಹೇಳಿ’ ಅಂತಲೇ ಕೇಳಿದ್ದೆ. ಬಂದ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ. ‘ಮೇಡಂ, ನಿಮ್ಮಂಥ ಫ್ಯಾಮಿಲಿಗೇ ಮಾಡಿರೋ ಪ್ಯಾಕೇಜ್ ಇದು. ಕ್ಯೂ ನಿಲ್ಲೋದೇ ಬೇಡ. ಮಕ್ಕಳು ಎಲ್ಲಾ ಆಡಬಹುದು. ನೀವು ಆರಾಮಾಗಿ ಹೋಗಿ ಬನ್ನಿ.’

ಮಗನ ಎತ್ತರ ಸಾಕಾಗುತ್ತಾ ಅಂತ ಬೇರೆಯಾಗಿ ಇನ್ನೊಮ್ಮೆ ಕೇಳಿದೆ. ಅದಕ್ಕೆ ಬರೆದಿದ್ದು ನೋಡಿ: ‘108 ಸಾಕು ಮೇಡಂ. ದಪ್ಪ ಸೋಲ್ ಇರೋ ಶೂ ಹಾಕಿ, ಯಾರೂ ಏನೂ ಕೇಳಲ್ಲ.’

ಇದನ್ನು ಓದಿದಾಗಲೇ ನನಗೆ ಸರಿ ಅನ್ನಿಸಲಿಲ್ಲ. ಶೂ ಬೇಡ, ಸುಮ್ನೆ ನಿಜ ಹೇಳಿ ಅಂದೆ. ‘ನಿಜವಾಗ್ಲೂ ಸಾಕು ಮೇಡಂ, ನೂರಾರು ಫ್ಯಾಮಿಲಿ ಕಳಿಸಿದ್ದೀವಿ’ ಅಂದರು.

ಪ್ಯಾಕೇಜ್‌ನಲ್ಲಿ ನಾಲ್ಕು ಜನರ ಟಿಕೆಟ್ ಇತ್ತು. ಎಲ್ಲರಿಗೂ ಫಾಸ್ಟ್ ಟ್ರ್ಯಾಕ್ ಪಾಸ್ (ಸಾಮಾನ್ಯ ಕ್ಯೂ ಬಿಟ್ಟು ಬೇಗ ಹೋಗುವ ಪಾಸ್) ಇತ್ತು. ಜೊತೆಗೆ ‘ಪೇರೆಂಟ್ ಸ್ವಾಪ್ ಸೌಲಭ್ಯ’ (ಅಪ್ಪ ಅಮ್ಮ ಸರದಿಯಲ್ಲಿ ರೈಡ್‌ಗೆ ಹೋಗುವುದು) ಅಂತ ಒಂದು ಸಾಲು, ಅದಕ್ಕೆ ಬೇರೆ ಚಾರ್ಜ್. ಚಿಕ್ಕ ಮಗು ಇರುವವರಿಗೆ ಇದು ತುಂಬಾ ಮುಖ್ಯ, ಬೇಗ ಖಾಲಿಯಾಗುತ್ತೆ ಅಂತ ಅವಸರ ಮಾಡಿದರು. ದುಡ್ಡು ಕಟ್ಟಿದೆವು. ಕ್ಯೂಆರ್ ಕೋಡ್‌ಗಳು ಬಂದವು. ನೋಡಲು ಎಲ್ಲ ಒಂದೇ ಥರ ಇದ್ದವು. ಎಲ್ಲದರ ಮೇಲೂ ಪಾರ್ಕಿನ ಹೆಸರು, ತಾರೀಖು.

ಈಗ ಗೇಟಿನ ಹತ್ತಿರ ಆಗಿದ್ದು.

ನನ್ನ ಗಂಡನ ಕೋಡ್ ಸ್ಕ್ಯಾನ್ ಆಯಿತು. ನನ್ನದೂ ಆಯಿತು, ಮಗನದೂ ಆಯಿತು. ಮಗಳ ಕೋಡ್ ಹಿಡಿದಾಗ ಕೆಂಪು ದೀಪ. ಮತ್ತೆ ಹಿಡಿದರು. ಮತ್ತೆ ಕೆಂಪು. ಹಿಂದೆ ದೊಡ್ಡ ಸಾಲು. ಗೇಟಿನವರು ಫೋನ್ ತೆಗೆದುಕೊಂಡು ನೋಡಿ, ‘ಇದು ನಮ್ಮ ಟಿಕೆಟ್ ಅಲ್ಲ ಮೇಡಂ, ಸ್ವಲ್ಪ ಪಕ್ಕಕ್ಕೆ ಬನ್ನಿ’ ಅಂದರು. ಅವರು ಜೋರಾಗೇನೂ ಹೇಳಲಿಲ್ಲ. ಆದರೆ ಹಿಂದೆ ನಿಂತವರಿಗೆಲ್ಲ ಕೇಳಿಸಿತು. ನಕಲಿ ಟಿಕೆಟ್ ತಂದವರು ಅನ್ನೋ ಥರ ಎಲ್ಲರೂ ನಮ್ಮನ್ನೇ ನೋಡಿದರು. ಯಾರೋ ಒಬ್ಬರು ತಮ್ಮ ಮಕ್ಕಳನ್ನು ನಮ್ಮಿಂದ ಆಚೆ ಎಳೆದುಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು, ಮಗ ಗೇಟಿನ ಆ ಕಡೆ ಒಬ್ಬನೇ ನಿಂತು ‘ಅಮ್ಮ ಬಾ, ಅಮ್ಮ ಬಾ’ ಅಂತ ಅಳುತ್ತಿದ್ದಾನೆ.

ಆಮೇಲೆ ಅವರ ಮೇಲಿನವರು ಬಂದರು. ಮಗಳನ್ನು ನೋಡಿ ವಯಸ್ಸು ಕೇಳಿದರು. ಎರಡೂವರೆ ಅಂದೆ. ‘ಈ ಮಗುವಿಗೆ ಟಿಕೆಟ್ಟೇ ಇಲ್ಲವಲ್ಲ ಮೇಡಂ. ಮೂರು ವರ್ಷ ತುಂಬುವವರೆಗೆ ಫ್ರೀ. ನಮ್ಮ ಸಿಸ್ಟಮ್‌ನಲ್ಲಿ ಆ ವಯಸ್ಸಿಗೆ ಟಿಕೆಟ್ ಬರೋದೇ ಇಲ್ಲ. ಇದನ್ನು ಯಾರು ಕೊಟ್ಟರು?’

ಅರ್ಥ ಆಯಿತಲ್ವಾ? ಪಾರ್ಕ್‌ನಲ್ಲಿ ಇಲ್ಲದ ಟಿಕೆಟ್ ಒಂದನ್ನು ತಾವೇ ತಯಾರು ಮಾಡಿ, ಅದಕ್ಕೊಂದು ಕೋಡ್ ಅಂಟಿಸಿ, ನಿಜವಾದ ಟಿಕೆಟ್‌ಗಳ ಮಧ್ಯೆ ಸೇರಿಸಿ ಕಳಿಸಿದ್ದಾರೆ. ಎರಡೂವರೆ ವರ್ಷದ ಕೂಸಿನ ಹೆಸರಿನಲ್ಲಿ! ನನಗೆ ಜಾಸ್ತಿ ಉರಿಯುವುದು ಇದೇ.

ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಬುಕ್ ಮಾಡುವಾಗ ಕ್ಷಣದಲ್ಲಿ ಉತ್ತರ ಕೊಡುತ್ತಿದ್ದವರು ಈಗ ಓದಿದ್ದು ಕಾಣುತ್ತಿದೆ, ಉತ್ತರ ಇಲ್ಲ. ಬಹಳ ಹೊತ್ತಿನ ಮೇಲೆ ಬಂತು: ‘ಅದು ಪಾರ್ಕ್ ಟಿಕೆಟ್ ಅಲ್ಲ ಮೇಡಂ. ನಮ್ಮ ಸರ್ವಿಸ್ ವೋಚರ್. ಅದನ್ನು ಗೇಟ್‌ನಲ್ಲಿ ತೋರಿಸಬಾರದಿತ್ತು.’

ತೋರಿಸಬಾರದಿತ್ತಂತೆ! ಹಾಗಾದರೆ ಅದರ ಮೇಲೆ ಪಾರ್ಕಿನ ಹೆಸರು ಯಾಕೆ ಹಾಕಿದಿರಿ, ‘ಪ್ರವೇಶ’ ಅಂತ ಯಾಕೆ ಬರೆದಿರಿ ಅಂತ ಕೇಳಿದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಸರಿ, ಒಳಗೆ ಹೋದೆವು. ಮಕ್ಕಳ ಮುಖ ನೋಡಿ ಸಮಾಧಾನ ಮಾಡಿಕೊಂಡೆವು. ಕನಿಷ್ಠ ಫಾಸ್ಟ್ ಟ್ರ್ಯಾಕ್ ಆದರೂ ಇದೆಯಲ್ಲ ಅಂದುಕೊಂಡು ಪಾಸ್ ನಡೆಯುವ ಮೊದಲ ರೈಡ್‌ಗೆ ಹೋದೆವು. ಬಾಗಿಲಲ್ಲೇ ಎತ್ತರ ಅಳೆಯುವ ಕೋಲು. 120 ಸೆಂ.ಮೀ. ಬೇಕು. ಮಗ ಕೋಲಿನ ಕೆಳಗೆ ನಿಂತ, ತಲೆಗೂ ಗೆರೆಗೂ ಎಷ್ಟೋ ಅಂತರ. ಅವನು ತುದಿಗಾಲಲ್ಲಿ ನಿಂತು ನೋಡಿದ. ಅಲ್ಲಿದ್ದ ಹುಡುಗಿ ಪಾಪ, ಮೆಲ್ಲಗೆ ಅವನ ಭುಜ ಹಿಡಿದು ಕೆಳಗಿಳಿಸಿದಳು. ಮುಂದಿನ ರೈಡ್‌ನಲ್ಲೂ 120. ಇನ್ನೊಂದರಲ್ಲಿ 140. ಪಾಸ್‌ನ ಪಟ್ಟಿಯಲ್ಲಿದ್ದ ರೈಡ್ ಎಲ್ಲವೂ ದೊಡ್ಡವರದ್ದೇ. ಪುಟ್ಟ ಮಕ್ಕಳ ಆಟಗಳಿಗೆ ಆ ಪಾರ್ಕ್‌ನಲ್ಲಿ ಫಾಸ್ಟ್ ಟ್ರ್ಯಾಕ್ ಸಾಲೇ ಇಲ್ಲ. ರೈಲು, ತಿರುಗುವ ಕುದುರೆ, ತೇಲುವ ದೋಣಿ, ಎಲ್ಲಕ್ಕೂ ಎಲ್ಲರ ಜೊತೆ ಸಾಮಾನ್ಯ ಕ್ಯೂ. ಐದು ವರ್ಷದ ಮಗುವಿಗೂ ಎರಡೂವರೆ ವರ್ಷದ ಮಗುವಿಗೂ ಮಾರಿದ ಆ ಪಾಸ್‌ಗಳನ್ನು ಬಳಸಲು ಒಂದು ಜಾಗವೂ ಇರಲಿಲ್ಲ.

ಪೇರೆಂಟ್ ಸ್ವಾಪ್ ಕಥೆ ಕೇಳಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಪ್ಪ ರೈಡ್‌ಗೆ ಹೋದಾಗ ಅಮ್ಮ ಮಗು ಹಿಡಿದು ಕಾಯುವುದು, ಅವರು ಬಂದ ಮೇಲೆ ಅಮ್ಮ ಮತ್ತೆ ಮೊದಲಿಂದ ಕ್ಯೂ ನಿಲ್ಲದೆ ಹೋಗುವುದು. ಒಳ್ಳೆಯ ವ್ಯವಸ್ಥೆ. ಡಿಸ್ನಿ ಪಾರ್ಕ್‌ಗಳಲ್ಲಿ ‘ರೈಡರ್ ಸ್ವಿಚ್’ ಅಂತಾರೆ, ಯೂನಿವರ್ಸಲ್‌ನಲ್ಲಿ ‘ಚೈಲ್ಡ್ ಸ್ವಾಪ್’ ಅಂತಾರೆ. ಅದಕ್ಕೆ ಬೇರೆ ದುಡ್ಡಿಲ್ಲ. ನಾವು ಹೋದ ಕಡೆಯೂ ಇಲ್ಲ. ರೈಡ್‌ನ ಬಾಗಿಲಲ್ಲಿ ಇರುವವರಿಗೆ ‘ನಮ್ಮ ಜೊತೆ ಚಿಕ್ಕ ಮಗು ಇದೆ’ ಅಂದರೆ ಸಾಕಿತ್ತು. ನಾನು ಏಜೆಂಟ್ ಕೊಟ್ಟ ವೋಚರ್ ತೋರಿಸಿದೆ. ಆ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದಕ್ಕೂ ದುಡ್ಡು ತಗೊಂಡ್ರಾ?’ ಅಂದ.

ಅವನ ಮುಖದಲ್ಲಿ ಕನಿಕರ ಇತ್ತು. ಗೇಟಿನ ಕೆಂಪು ದೀಪಕ್ಕಿಂತ ಅದೇ ನನಗೆ ಜಾಸ್ತಿ ಚುಚ್ಚಿತು.

ಎತ್ತರದ ವಿಷಯ ಸ್ವಲ್ಪ ಹೇಳಲೇಬೇಕು. ‘ದಪ್ಪ ಶೂ ಹಾಕಿ’ ಅನ್ನುವವರು ಇವರೊಬ್ಬರೇ ಅಲ್ಲ. ಆ ಗೆರೆ ಸುಮ್ನೆ ಎಳೆದಿದ್ದಲ್ಲ. ತೊಡೆಯ ಮೇಲೆ ಬರುವ ಬಾರ್, ಭುಜದ ಮೇಲಿಂದ ಇಳಿಯುವ ಹಿಡಿತ, ಇವೆಲ್ಲ ಇಷ್ಟು ಮೈ ಅಳತೆ ಇರುವವರನ್ನು ಹಿಡಿದಿಡಲು ಅಂತ ಮಾಡಿರುತ್ತವೆ. ಮಗು ಚಿಕ್ಕದಾದರೆ ಬಾರ್ ಮತ್ತು ಮೈ ನಡುವೆ ಜಾಗ ಉಳಿಯುತ್ತದೆ, ಜಾರಬಹುದು. ಶೂ ಸೋಲ್ ದಪ್ಪ ಇದ್ದರೆ ತೊಡೆ ದಪ್ಪ ಆಗುತ್ತಾ? ಒಂದು ಮಾರಾಟಕ್ಕಾಗಿ ನನ್ನ ಮಗನ ಜೀವದ ಮೇಲೆ ಇಂಥ ಸಲಹೆ ಕೊಟ್ಟರಲ್ಲ! ಇದನ್ನು ನಾನು ಕ್ಷಮಿಸುವುದಿಲ್ಲ.

ಲೆಕ್ಕ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ 3 ವರ್ಷದ ಮಗುವಿನ ಮಧ್ಯಮ ಎತ್ತರ ಸುಮಾರು 95-96 ಸೆಂ.ಮೀ. 4 ವರ್ಷಕ್ಕೆ 103ರ ಹತ್ತಿರ, 5 ವರ್ಷಕ್ಕೆ 110ರ ಹತ್ತಿರ. 120 ದಾಟುವುದು ಬಹಳ ಮಕ್ಕಳಿಗೆ 7 ವರ್ಷದ ಆಸುಪಾಸಿನಲ್ಲಿ. ಅಂದರೆ 120ರ ರೈಡ್‌ಗಳ ಪಾಸನ್ನು ಐದು ವರ್ಷದ ಮಗುವಿಗೆ ಮಾರುವವರಿಗೆ ಅದು ನಡೆಯಲ್ಲ ಅಂತ ಚೆನ್ನಾಗಿ ಗೊತ್ತಿರುತ್ತದೆ. ಬೇರೆ ಪಾರ್ಕ್‌ನಲ್ಲಿ ಅದೇ ಹೆಸರಿನ ರೈಡ್‌ಗೆ ನನ್ನ ಮಗು ಹೋಗಿತ್ತು ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಡಿಸ್ನಿಯ ಸ್ಪೇಸ್ ಮೌಂಟನ್‌ಗೆ ಕ್ಯಾಲಿಫೋರ್ನಿಯಾದಲ್ಲಿ 102 ಸೆಂ.ಮೀ. ಸಾಕು, ಫ್ಲೋರಿಡಾದಲ್ಲಿ 112 ಬೇಕು. ಫ್ರೀ ಪ್ರವೇಶದ ವಯಸ್ಸೂ ಹಾಗೇ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 3 ವರ್ಷ ತುಂಬದವರಿಗೆ ಟಿಕೆಟ್ ಬೇಡ, ಟೋಕಿಯೊದಲ್ಲಿ 4 ವರ್ಷದಿಂದ ಟಿಕೆಟ್ ಶುರು. ವಯಸ್ಸು ನೋಡದೆ ಎತ್ತರ ಅಳೆದು ಟಿಕೆಟ್ ಕೊಡುವ ಪಾರ್ಕ್‌ಗಳೂ ಇವೆ. ಈ ಗೊಂದಲವೇ ಇಂಥ ಏಜೆಂಟರಿಗೆ ಬಂಡವಾಳ.

ಮನೆಗೆ ಬಂದ ಮೇಲೆ ಶುರುವಾದ ಮಾತುಕತೆ ಓದಿ. ನಾನು ಕೇಳಿದ್ದು ಮೂರೇ. ಮಗಳ ಟಿಕೆಟ್ ದುಡ್ಡು, ಮಕ್ಕಳಿಬ್ಬರ ಪಾಸ್ ದುಡ್ಡು, ಸ್ವಾಪ್ ದುಡ್ಡು.

‘ಪ್ಯಾಕೇಜ್‌ನಲ್ಲಿ ಬಿಡಿ ದರ ಇರಲ್ಲ ಮೇಡಂ.’

ಸ್ವಾಪ್‌ಗೆ ಬೇರೆ ಚಾರ್ಜ್ ಅಂತ ನೀವೇ ಬರೆದಿದ್ದೀರಲ್ಲ ಅಂದೆ.

‘ಅದು ಮಾಹಿತಿ ಕೊಟ್ಟಿದ್ದಕ್ಕೆ ಮೇಡಂ.’

ಪಾಸ್ ಮಕ್ಕಳಿಗೆ ನಡೆಯಲೇ ಇಲ್ಲ ಅಂದೆ.

‘ಎತ್ತರದ ನಿಯಮ ಪಾರ್ಕ್‌ನವರದ್ದು. ಅವರನ್ನೇ ಕೇಳಿ.’

ನೀವೇ 108 ಸಾಕು ಅಂದಿದ್ದೀರಿ ಅಂತ ಅವರ ಮೆಸೇಜನ್ನೇ ಅವರಿಗೆ ಕಳಿಸಿದೆ. ಅದಕ್ಕೆ, ‘ಅದು ನಮ್ಮ ಸಿಬ್ಬಂದಿಯ ವೈಯಕ್ತಿಕ ಅಭಿಪ್ರಾಯ.’ ಎಲ್ಲ ಮೆಸೇಜೂ ಬಂದಿದ್ದು ಒಂದೇ ನಂಬರಿನಿಂದ. ಬೆಳಿಗ್ಗೆ ಗ್ಯಾರಂಟಿ ಕೊಟ್ಟವರೇ ಸಂಜೆ ಅದು ಅಭಿಪ್ರಾಯ ಅಂದರೆ ಏನು ಹೇಳೋದು?

ಪಾರ್ಕ್‌ನವರನ್ನೂ ಕೇಳಿದೆ. ಅವರು ಮರ್ಯಾದೆಯಿಂದಲೇ, ‘ನಮ್ಮ ಕೌಂಟರ್‌ನಲ್ಲೋ ನಮ್ಮ ಸೈಟ್‌ನಲ್ಲೋ ತೆಗೆದುಕೊಂಡಿದ್ದರೆ ಸರಿ ಮಾಡಿ ಕೊಡುತ್ತಿದ್ದೆವು, ದುಡ್ಡು ನಮಗೆ ಬಂದಿಲ್ಲ’ ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಒಂದು ಉಪಕಾರ ಮಾಡಿದರು. ಮಗಳ ವಯಸ್ಸಿಗೆ ಟಿಕೆಟ್ ಇಲ್ಲ, ಸ್ವಾಪ್‌ಗೆ ಶುಲ್ಕ ಇಲ್ಲ ಅಂತ ಇಮೇಲ್‌ನಲ್ಲಿ ಬರೆದುಕೊಟ್ಟರು.

ಅದನ್ನು ಕಳಿಸಿದ ಮೇಲೆ ಏಜೆಂಟ್‌ನ ದನಿ ಸ್ವಲ್ಪ ಮೆತ್ತಗಾಯಿತು. ‘ಮಕ್ಕಳಿಗೆ ಖುಷಿ ಆಯ್ತಲ್ವಾ ಮೇಡಂ, ಅದೇ ಮುಖ್ಯ. ನೀವು ಐದು ಸ್ಟಾರ್ ರಿವ್ಯೂ ಹಾಕಿದರೆ ಮುಂದಿನ ಬುಕಿಂಗ್‌ನಲ್ಲಿ ರಿಯಾಯಿತಿ ಕೊಡ್ತೀವಿ.’ ಇದನ್ನು ಓದಿ ಫೋನ್ ಎಸೆಯುವಷ್ಟು ಸಿಟ್ಟು ಬಂತು. ಮೋಸ ಮಾಡಿ, ಅದರ ಮೇಲೆ ನಾನೇ ಬೇರೆ ತಾಯಂದಿರಿಗೆ ‘ಚೆನ್ನಾಗಿದೆ’ ಅಂತ ಹೇಳಬೇಕಂತೆ! ಅವರಿಗೆ ಇರುವ ಐದು ಸ್ಟಾರ್‌ಗಳಲ್ಲಿ ಎಷ್ಟು ಹೀಗೆ ಬಂದಿದ್ದೋ ಯಾರಿಗೆ ಗೊತ್ತು.

ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಹಾಕಿದ್ದೇನೆ. ಹೇಳಿದ ಸೇವೆ ಬೇರೆ, ಕೊಟ್ಟಿದ್ದು ಬೇರೆ ಅಂತ ಚಾಟ್, ವೋಚರ್, ಪಾರ್ಕ್‌ನ ಇಮೇಲ್ ಎಲ್ಲ ಸೇರಿಸಿ. ಇಂಥ ದೂರಿಗೆ ಗಡುವು ಇರುತ್ತದೆ, ಏಜೆಂಟ್ ‘ನೋಡೋಣ, ನಾಳೆ ಹೇಳ್ತೀವಿ’ ಅಂತ ದಿನ ತಳ್ಳುವುದು ಅದಕ್ಕೇ. ನೀವು ಕಾಯಬೇಡಿ.

ನೀವು ಮಾಡಬೇಕಾದ್ದು ಇಷ್ಟೇ. ಟಿಕೆಟ್ ಪಾರ್ಕ್‌ನಿಂದಲೇ ತೆಗೆದುಕೊಳ್ಳಿ. ಮಗುವಿನ ಎತ್ತರವನ್ನು ಮನೆಯಲ್ಲಿ ಬರಿಗಾಲಲ್ಲಿ ಅಳೆಯಿರಿ, ಪಾರ್ಕ್‌ನ ಸೈಟ್‌ನಲ್ಲಿರುವ ಪಟ್ಟಿಯ ಜೊತೆ ಒಂದೊಂದೇ ರೈಡ್ ಹೋಲಿಸಿ. ಮಗು ಹೋಗಬಹುದಾದ ರೈಡ್‌ಗಳಿಗೆ ಫಾಸ್ಟ್ ಟ್ರ್ಯಾಕ್ ಇದೆಯಾ ನೋಡಿ, ಇಲ್ಲದಿದ್ದರೆ ಆ ಪಾಸ್ ಮುಟ್ಟಲೇಬೇಡಿ. ಗೆರೆಗೆ ತಲೆ ತಾಗದ ರೈಡ್‌ನ ಹೆಸರನ್ನು ಮಗುವಿನ ಮುಂದೆ ಎತ್ತಲೂಬೇಡಿ. ನನ್ನ ಮಗ ಈಗಲೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ‘ಈಗ ಸಾಕಾ ಅಮ್ಮ?’ ಅಂತ ಕೇಳುತ್ತಾನೆ, ಯಾಕಂದರೆ ಸಾಕು ಅಂತ ಅವನಿಗೆ ನಾವು ಆ ಏಜೆಂಟ್ ಮಾತು ನಂಬಿ ಹೇಳಿದ್ದೆವು.

ಅದೇ ಪ್ಯಾಕೇಜ್ ಈಗಲೂ ಮಾರಾಟದಲ್ಲಿದೆ. ಹೆಸರು ಮಾತ್ರ ಸ್ವಲ್ಪ ಬದಲಾಗಿದೆ, ‘ಟಾಡ್ಲರ್ ಸ್ಪೆಷಲ್’ ಅಂತ ಸೇರಿಸಿದ್ದಾರೆ. ಮೂರು ವರ್ಷದೊಳಗಿನ ಮಗುವಿಗೆ ‘ವೋಚರ್’ ಅಂತ ಯಾರಾದರೂ ಬೆಲೆ ಹೇಳಿದರೆ, ಅಲ್ಲೇ ನಿಲ್ಲಿಸಿ, ಪಾರ್ಕ್‌ಗೆ ಫೋನ್ ಮಾಡಿ ಕೇಳಿ. ದುಡ್ಡು ಹಾಕಬೇಡಿ.