ಸ್ಕೂಟರ್ ಕಂಟ್ರೋಲರ್ ಸುಟ್ಟರೆ: ರಿಪೇರಿನಾ, ಹೊಸದಾ?

ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಬ್ಯಾಟರಿ ಕರೆಂಟನ್ನು ಬೇಕಾದಷ್ಟೇ ಮೋಟರಿಗೆ ಕೊಡುವ ಡಬ್ಬಿಯೇ ಕಂಟ್ರೋಲರ್. ಹಬ್ ಮೋಟರ್ (ಚಕ್ರದೊಳಗೇ ಮೋಟರ್ ಇರುವ) ಗಾಡಿಯ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ತಡೆತಡೆದು ತಿರುಗುತ್ತಿದೆ, ಕಂಟ್ರೋಲರಿಂದ ಮೋಟರಿಗೆ ಹೋಗುವ ಮೂರು ದಪ್ಪ ವೈರ್ (ಫೇಸ್ ವೈರ್) ಬಿಚ್ಚಿದ ಕೂಡಲೇ ಹಗುರಾಯ್ತು ಅಂದರೆ ಕಂಟ್ರೋಲರ್ ಒಳಗಿನ, ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚಿನಂಥ ಮಾಸ್‌ಫೆಟ್ ಶಾರ್ಟ್ ಆಗಿರುವ ಸಾಧ್ಯತೆ ಜಾಸ್ತಿ.

ರಿಪೇರಿ ಅಗ್ಗ. ಬಿಡಿ ಮಾಸ್‌ಫೆಟ್ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತದೆ. ಆದರೆ ಸುಟ್ಟದ್ದೊಂದನ್ನೇ ಬದಲಿಸಿ ಸುಮ್ನೆ ಆನ್ ಮಾಡಿದರೆ ಮತ್ತೆ ಢಂ ಅನ್ನಬಹುದು, ಯಾಕಂದ್ರೆ ಅದು ಹೋಗುವಾಗ ಎಷ್ಟೋ ಸಲ ತನ್ನನ್ನು ನಡೆಸುವ ಸರ್ಕ್ಯೂಟನ್ನೂ (ಗೇಟ್ ಡ್ರೈವರ್) ಹಾಳು ಮಾಡಿರುತ್ತದೆ. ಆ ಫೇಸಿನ ಎಲ್ಲ ಮಾಸ್‌ಫೆಟ್ಟುಗಳನ್ನೂ ಬದಲಿಸಿ, ಒಂದೇ ನಂಬರಿನವು ಹಾಕಿಸಿ. ಬೋರ್ಡ್ ಮೇಲೆ ಗಟ್ಟಿ ರೆಸಿನ್ ಸುರಿದಿದ್ದರೆ ಆಸೆ ಬಿಡಿ.

ವೋಲ್ಟೇಜ್, ಆಂಪಿಯರ್, ಹಾಲ್ ಸೆನ್ಸರ್ (ಮೋಟರ್ ಎಲ್ಲಿಗೆ ತಿರುಗಿದೆ ಅಂತ ಹೇಳುವ ಸೆನ್ಸರ್) ಗಾಡಿಗೆ ಹೊಂದಿಕೆಯಾದರೆ ಸಾಧಾರಣ ಗಾಡಿಗೆ ನಾನಂತೂ ಹೊಸದೇ ಹಾಕಿಸುತ್ತೇನೆ. ಡಿಸ್‌ಪ್ಲೇ, ಬ್ಯಾಟರಿ ಜೊತೆ ಕ್ಯಾನ್ (CAN, ಗಾಡಿಯ ಭಾಗಗಳು ಮಾಹಿತಿ ಹಂಚಿಕೊಳ್ಳುವ ತಂತಿ ಜಾಲ) ಮೂಲಕ ಮಾತಾಡುವ ಗಾಡಿಗೆ ಬೇರೆ ಕಂಪನಿಯ ಕಂಟ್ರೋಲರ್ ಆಗಲ್ಲ. ವಾರಂಟಿ ಇದ್ದರೆ ಬಿಚ್ಚಲೇಬೇಡಿ.

ಎರಡರಲ್ಲಿ ಯಾವುದಾದರೂ ಸರಿ, ಮೊದಲು ಮೋಟರಿನ ಫೇಸ್ ವೈರ್ ಮೋಟರಿನ ಲೋಹದ ಮೈಗೆ ಶಾರ್ಟ್ ಆಗಿದೆಯಾ ಅಂತ ಮೀಟರ್ ಹಿಡಿದು ನೋಡಿ. ಆಗಿದ್ದರೆ ಹಾಕಿದ್ದೂ ಸುಡುತ್ತದೆ.