ಪ್ಲಂಬರ್ ಹುಡುಕೋಕೆ ಆ್ಯಪ್‌ನ ಸ್ಟಾರೋ, ಮ್ಯಾಪ್‌ನ ರಿವ್ಯೂನೋ?

ಪ್ಲಂಬರ್ ಬೇಕಾದರೆ ನಾನೀಗ ಗೂಗಲ್ ಮ್ಯಾಪ್ ತೆರೆದು ರಿವ್ಯೂ ಓದುತ್ತೇನೆ. ಮನೆಗೆಲಸದ ಆ್ಯಪ್‌ನಲ್ಲಿ ಬುಕ್ ಮಾಡಿ ನೋಡಿದ್ದೇನೆ, ಅಕ್ಕಪಕ್ಕದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿಯೂ ಕರೆಸಿದ್ದೇನೆ. ಮೂರರಲ್ಲಿ ನನಗೆ ಒಗ್ಗಿದ್ದು ಮ್ಯಾಪೇ.

ಆ್ಯಪ್‌ನದು ಒಂದೇ ತೊಂದರೆ, ಆದರೆ ಅದು ದೊಡ್ಡದು. ಕೆಲಸ ಮುಗಿದ ಕೂಡಲೇ ಸ್ಟಾರ್ ಕೇಳುತ್ತದೆ. ಸಿಂಕ್ ಕೆಳಗಿನ ಜಾಯಿಂಟ್ ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದ ಹುಡುಗ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದ. “ಮೇಡಂ, ಐದು ಸ್ಟಾರ್ ಕೊಡಿ, ಕಮ್ಮಿ ಆದ್ರೆ ನಂಗೆ ಕೆಲಸ ಬರಲ್ಲ” ಅಂದ. ಆ ಹೊತ್ತಿಗೆ ನೀರು ಸೋರುತ್ತಿರಲಿಲ್ಲ, ಕೊಟ್ಟೆ. ಜಾಯಿಂಟ್ ಜಿನುಗತೊಡಗಿದ್ದು ಆಮೇಲೆ. ಕಪಾಟಿನ ತಳದ ಪ್ಲೈವುಡ್ ಉಬ್ಬಿ ಬಾಗಿಲು ಹಾಕೋಕೆ ಆಗದೇ ಹೋದಾಗಲೇ ಗೊತ್ತಾಯಿತು. ಅಷ್ಟರಲ್ಲಿ ಕೊಟ್ಟ ಸ್ಟಾರ್ ಬದಲಿಸಲು ಆ ಆ್ಯಪ್‌ನಲ್ಲಿ ದಾರಿಯೇ ಇರಲಿಲ್ಲ.

ಹೀಗೆ ಕೆಲಸಗಾರ ಎದುರಿಗಿರುವಾಗಲೇ ಬಿದ್ದ ಸ್ಟಾರ್‌ಗಳಿಂದ ಅಲ್ಲಿ ನಾನು ನೋಡಿದವರೆಲ್ಲರದೂ 4.7, 4.8. ಯಾರನ್ನು ಬಿಟ್ಟು ಯಾರನ್ನು ಆರಿಸುವುದು?

ಗೂಗಲ್ ಮ್ಯಾಪ್‌ನಲ್ಲಿ ಯಾವಾಗ ಬೇಕಾದರೂ ಬರೆಯಬಹುದು, ಬರೆದದ್ದನ್ನು ಆಮೇಲೆ ತಿದ್ದಲೂಬಹುದು. ನನಗೆ ಇದಕ್ಕಿಂತ ಮುಖ್ಯವಾದದ್ದಿಲ್ಲ. ಸುಳ್ಳು ರಿವ್ಯೂ ಇಲ್ಲಿಯೂ ಇವೆ. ದುಡ್ಡೋ ರಿಯಾಯಿತಿಯೋ ಕೊಟ್ಟು ರಿವ್ಯೂ ಬರೆಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಆದರೂ ಬರೆಸುತ್ತಾರೆ. ಆನ್‌ಲೈನ್ ರಿವ್ಯೂಗಳಿಗೆಂದೇ 2018ರಲ್ಲಿ ಐಎಸ್‌ಒ 20488 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ಆದರೆ ಅದು ಕಡ್ಡಾಯವಲ್ಲ. ಹಾಗಾಗಿ ಜರಡಿ ಹಿಡಿಯುವ ಕೆಲಸ ನಮ್ಮದೇ.

ನಾನು ಸರಾಸರಿ ನೋಡುವುದಿಲ್ಲ. ಹೊಸ ರಿವ್ಯೂ ಮೊದಲು, ಆಮೇಲೆ ಕಡಿಮೆ ಸ್ಟಾರಿನವು. “ಸೂಪರ್ ಸರ್ವೀಸ್” ಎಂಬುವನ್ನೆಲ್ಲ ದಾಟಿಸಿಬಿಡುತ್ತೇನೆ. “ಮೊದಲ ಸಲ ಸರಿಹೋಗಲಿಲ್ಲ, ಫೋನ್ ಮಾಡಿದೆ, ಬಂದು ವಾಷರ್ ಬದಲಿಸಿಕೊಟ್ಟರು” ಎಂಬ ಮೂರು ಸ್ಟಾರಿನ ರಿವ್ಯೂ ಸಿಕ್ಕರೆ ಅಲ್ಲೇ ಅರ್ಧ ತೀರ್ಮಾನವಾಗುತ್ತದೆ. ದೂರಿಗೆ ಮಾಲೀಕರು ಬರೆದ ಉತ್ತರವನ್ನಂತೂ ಬಿಡುವುದೇ ಇಲ್ಲ: ಗಿರಾಕಿಯ ಮೇಲೆ ಹರಿಹಾಯ್ದಿದ್ದಾರೋ, ಬಂದು ನೋಡುತ್ತೇನೆ ಅಂದಿದ್ದಾರೋ? ಒಂದೇ ವಾರದಲ್ಲಿ ರಾಶಿ ಐದು ಸ್ಟಾರ್ ಬಂದು ಆಮೇಲೆ ಏನೂ ಇಲ್ಲದಿದ್ದರೆ, ಇಲ್ಲವೇ ಬೇರೆ ಬೇರೆ ಹೆಸರಿನ ಅಂಗಡಿಗಳಿಗೆ ಒಂದೇ ಫೋನ್ ನಂಬರ್ ಇದ್ದರೆ ಮುಂದೆ ಓದುವುದೇ ಬೇಡ. ಬರೆದವರ ಹೆಸರು ಒತ್ತಿದರೆ ಅವರ ಉಳಿದ ರಿವ್ಯೂಗಳೂ ಸಾಮಾನ್ಯವಾಗಿ ಕಾಣುತ್ತವೆ.

ವಾಟ್ಸ್‌ಆ್ಯಪ್ ಗುಂಪಿನ ಮಾತಿಗೆ ನಂಬಿಕೆ ಜಾಸ್ತಿ, ಆದರೆ ಎಲ್ಲರೂ ಒಬ್ಬರದೇ ನಂಬರ್ ಕೊಡುತ್ತಾರೆ. ಅವರು ಬರುವುದು ನಾಳಿದ್ದು.

ಕೂತು ಓದುವ ತಾಳ್ಮೆ ನನಗಿದೆ, ಒಂದೇ ಕೆಲಸಕ್ಕೆ ಎರಡೆರಡು ಸಲ ಕೂಲಿ ಕೊಡುವಷ್ಟು ದುಡ್ಡಿಲ್ಲ. ಬರೀ ನಲ್ಲಿ ಬದಲಿಸುವುದಿದ್ದರೆ, ದರ ಮೊದಲೇ ಗೊತ್ತಾಗುವುದರಿಂದ ಆ್ಯಪ್ ಸಾಕು. ಗೋಡೆಯೊಳಗಿನ ಪೈಪು, ಸಿಂಕ್ ಕೆಳಗಿನ ಜಾಯಿಂಟ್ ಅಂದರೆ ಮ್ಯಾಪ್‌ನಲ್ಲಿ ಹುಡುಕಿಯೇ ಕರೆಸುತ್ತೇನೆ.